ಕಪ್ಪತಗುಡ್ಡಕ್ಕೆ ಗುಂಪಿನಲ್ಲಿ ಹೊರಟಿದ್ದೀರಾ? ಎಲ್ಲರ ಹಿಂದೆ ಯಾರು ನಡೆಯುತ್ತಾರೆ ಅಂತ ಮೊದಲು ಕೇಳಿ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಭಾನುವಾರದ ಟ್ರೆಕ್ಕಿಂಗ್ ಗುಂಪುಗಳು ಜಾಸ್ತಿ ಆಗಿವೆ. ಒಂದು ಪೋಸ್ಟರ್, ಒಂದು ವಾಟ್ಸಾಪ್ ಗ್ರೂಪ್, ದುಡ್ಡು ಹಾಕಲು ಒಂದು ಕ್ಯೂಆರ್ ಕೋಡ್ ಇದ್ದರೆ ಸಾಕು, ಯಾರು ಬೇಕಾದರೂ ಜನರನ್ನು ಕಾಡಿಗೆ ಕರೆದುಕೊಂಡು ಹೋಗಬಹುದು ಅನ್ನುವಂತಾಗಿದೆ. ಹೋದ ಮಾರ್ಚ್‌ನಲ್ಲಿ ಅಂಥ ಒಂದು ಗುಂಪಿನ ಜೊತೆ ಕಪ್ಪತಗುಡ್ಡಕ್ಕೆ ಹೋಗಿದ್ದೆ. ಅವರ ಹೆಸರು ಬರೆಯುವುದಿಲ್ಲ. ಆದರೆ ಅಲ್ಲಿ ಆಗಿದ್ದು ಇನ್ನೊಬ್ಬರಿಗೆ ಆಗಬಾರದು.

ಗದಗ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆ ದಂಡೆಯ ಸಿಂಗಟಾಲೂರಿನವರೆಗೆ 60 ಕಿಲೋಮೀಟರಿಗೂ ಉದ್ದ ಹಬ್ಬಿರುವ ಗುಡ್ಡದ ಸಾಲು ಇದು. ಮಳೆಗಾಲದಲ್ಲಿ ನೋಡಿದರೆ ಮಲೆನಾಡೇ ಅನ್ನಿಸುತ್ತದೆ. ಪೋಸ್ಟರಿಗೆ ಹಾಕುವುದೂ ಆ ಹಸಿರು ಫೋಟೋನೇ. ಮಾರ್ಚ್‌ಗೆ ಬಂದರೆ ಗುಡ್ಡವೇ ಬೇರೆ. ಎಲೆ ಉದುರಿದ ಕುರುಚಲು ಕಾಡು, ಒಣಗಿ ನಿಂತ ಬಾದೆ ಹುಲ್ಲು, ಬತ್ತಿದ ಹಳ್ಳ. ಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಹನ್ನೊಂದು ಗಂಟೆಗೆಲ್ಲ ಮೇಲಿಂದ ಬಿಸಿಲು, ಕೆಳಗಿಂದ ಕಾವು.

"ಊಟ, ನೀರು, ಗೈಡ್ ಎಲ್ಲಾ ನಮ್ಮದ. ನೀವು ಬೂಟ್ ಹಾಕ್ಕೊಂಡು ಬಂದ್ರ ಸಾಕು" ಅಂತ ಗ್ರೂಪಿನಲ್ಲಿ ಮೆಸೇಜ್ ಇತ್ತು. ತಲಾ 1,200 ರೂಪಾಯಿ. ಗುಡ್ಡದ ನೆತ್ತಿಯ ಮೇಲೇ ಉದ್ದಕ್ಕೂ ನಡಿಗೆ, ಸಂಜೆ ಐದಕ್ಕೆ ವಾಪಸ್. ನಸುಕಿನಲ್ಲಿ ಬರಬೇಕಿದ್ದ ಬಸ್ ತಡವಾಗಿ ಬಂತು. ನಡೆಯಲು ಶುರು ಮಾಡಿದಾಗ ಒಂಬತ್ತೂವರೆ ದಾಟಿತ್ತು. ಮೂವತ್ತಕ್ಕೂ ಜಾಸ್ತಿ ಜನ, ದಾರಿ ತೋರಿಸಲು ಒಬ್ಬನೇ ಹುಡುಗ. ಅವನು ಜೋರಾಗಿ ನಡೆಯುವ ಕಾಲೇಜು ಹುಡುಗರ ಜೊತೆ ಮುಂದೆ ಹೋದ. ಹಿಂದೆ ಆಯೋಜಕರ ಕಡೆಯವರು ಒಬ್ಬರೂ ಇರಲಿಲ್ಲ.

ಎಲ್ಲರ ಹಿಂದೆ ಇದ್ದವರು ಧಾರವಾಡದ ಒಬ್ಬ ನಿವೃತ್ತ ಶಿಕ್ಷಕಿ. ಬಸ್ಸಿನಲ್ಲೇ ಎಲ್ಲರೂ ಅವರನ್ನು ಅಕ್ಕೋರೇ ಅಂತ ಕರೆಯಲು ಶುರು ಮಾಡಿದ್ದರು. ದಿನಾ ವಾಕಿಂಗ್ ಮಾಡುವ ಗಟ್ಟಿ ಜೀವ. ಅವರೊಬ್ಬರೇ ಹಿಂದೆ ಉಳಿದಿದ್ದು ನೋಡಿ ನಾನು ಜೊತೆಗೆ ನಿಂತೆ.

ಕಪ್ಪತಗುಡ್ಡದಲ್ಲಿ ಹಾದಿ ಅಂದರೆ ಒಂದೇ ಹಾದಿ ಅಲ್ಲ. ದನ, ಕುರಿ ಓಡಾಡಿ ಮಾಡಿದ ಹತ್ತಾರು ಕಾಲುದಾರಿಗಳು ಒಂದನ್ನೊಂದು ಕೂಡುತ್ತವೆ, ಮತ್ತೆ ಬೇರೆ ಆಗುತ್ತವೆ. ಎದೆಮಟ್ಟದ ಹುಲ್ಲಿನಲ್ಲಿ ಮುಂದೆ ಹೋದವರು ಐವತ್ತು ಹೆಜ್ಜೆಗೇ ಕಾಣುವುದಿಲ್ಲ. ಒಂದು ಕವಲಿನಲ್ಲಿ ನಿಂತು ಕೂಗಿದೆವು, ಸೀಟಿ ಹೊಡೆದೆ. ಯಾರೂ ಓಗೊಡಲಿಲ್ಲ. ಗುರುತಿಗೆ ಒಂದು ಬಟ್ಟೆ ತುಂಡನ್ನೂ ಯಾವ ಗಿಡಕ್ಕೂ ಕಟ್ಟಿರಲಿಲ್ಲ. ನಾವಿದ್ದ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. "ನಡುವೆ ಹಳ್ಳದಾಗ ನೀರು ಸಿಗತದ" ಅಂದಿದ್ದರು. ಹಳ್ಳ ಸಿಕ್ಕಿತು, ಬರೀ ಉಸುಕು.

ಅಕ್ಕೋರು ಮೊದಲು ತಲೆನೋವು ಅಂದರು. ಸ್ವಲ್ಪ ಹೊತ್ತಿಗೆ ಮಾತು ಕಡಿಮೆ ಆಯಿತು. ಕುಪ್ಪಸದ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಮೂಡಿತ್ತು. ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸಲು ಹೋಗಿ ಆಗದೆ, ಅದನ್ನೇ ನೋಡುತ್ತಾ ನಿಂತರು. ಆಮೇಲೆ, "ಬಸ್ ಎಷ್ಟೊತ್ತಿಗೆ ಬರತದವಾ?" ಅಂದರು. ಹೇಳಿದೆ. ಮತ್ತೆ ಅದನ್ನೇ ಕೇಳಿದರು. ಮತ್ತೊಮ್ಮೆ ಕೇಳಿದಾಗ ನನ್ನ ಎದೆ ಧಸಕ್ ಅಂತು. ಬಿಸಿಲಿನಲ್ಲಿ ಸುಸ್ತಾಗುವುದು ಬೇರೆ, ಮಾತು ತಪ್ಪುವುದು ಬೇರೆ. ಮಾತು ತೊದಲಿದರೆ, ಎಲ್ಲಿದ್ದೇವೆ ಅನ್ನುವುದೇ ಮರೆತರೆ ಅದು ಜೀವಕ್ಕೆ ಅಪಾಯ ಇರುವ ಸ್ಥಿತಿ. ತಕ್ಷಣ ಮೈ ತಂಪು ಮಾಡಬೇಕು, ಆಸ್ಪತ್ರೆಗೆ ಸೇರಿಸಬೇಕು.

ಜಾಲಿ ಗಿಡದ ತುಣುಕು ನೆರಳಿಗೆ ಕೂರಿಸಿ, ಬೂಟು ಬಿಚ್ಚಿ, ನನ್ನ ಹತ್ತಿ ಓಡ್ನಿ ನೆನೆಸಿ ಕುತ್ತಿಗೆ, ಕಂಕುಳಕ್ಕೆ ಇಟ್ಟೆ. ಟೊಪ್ಪಿಗೆಯಿಂದ ಗಾಳಿ ಹಾಕಿದೆ. ನುಂಗಲು ಆಗುತ್ತಿತ್ತು, ಅದಕ್ಕೇ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿದೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು. ನಮ್ಮ ಕೂಗು ಕೇಳಿ ಬಂದವರು ಕುರಿ ಕಾಯುವ ಒಬ್ಬ ಅಜ್ಜ. ಅವರ ಕ್ಯಾನಿನ ನೀರಿನಲ್ಲೇ ಮತ್ತೆ ಓಡ್ನಿ ನೆನೆಸಿದೆವು. ಅವರು ತೋರಿಸಿದ ಹಾದಿ ಹಿಡಿದು, ಅಕ್ಕೋರ ರಟ್ಟೆ ಹಿಡಿದುಕೊಂಡು, ಗಾಳಿಯಿಂದ ಕರೆಂಟ್ ಮಾಡುವ ದೊಡ್ಡ ಫ್ಯಾನುಗಳ ರಸ್ತೆ ಮುಟ್ಟಿದೆವು. ಫ್ಯಾನ್ ರಿಪೇರಿಯವರ ಜೀಪು ಸಿಗದಿದ್ದರೆ ಏನಾಗುತ್ತಿತ್ತೋ! ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು.

ನಾಲ್ಕು ಗಂಟೆ ದಾಟಿದ ಮೇಲೆ ಆಯೋಜಕರ ಫೋನ್ ಬಂತು. "ಎಲ್ಲದೀರಿ? ಬಸ್ ಬಿಡೂ ಟೈಮ್ ಆತಲ್ರೀ." ಅಲ್ಲಿಯವರೆಗೆ ಊಟ ಆಗಿತ್ತು, ಗ್ರೂಪ್ ಫೋಟೋ ಆಗಿತ್ತು. ಇಬ್ಬರು ಇಲ್ಲ ಅನ್ನುವುದು ಬಸ್ಸಿನ ಖಾಲಿ ಸೀಟು ನೋಡಿದ ಮೇಲೆ ಗೊತ್ತಾಗಿದೆ. ಮರುದಿನ ಕೇಳಿದರೆ, "ನಿಧಾನ ನಡಿಯೋರು ಇಂಥಾ ಟ್ರೆಕ್ಕಿಗೆ ಬರಬಾರದ್ರಿ" ಅಂದರು. ಒಬ್ಬ ಹಿರಿಯರನ್ನು ಕಾಡಿನಲ್ಲಿ ಬಿಟ್ಟು ಬಂದು ಆಡುವ ಮಾತಾ ಇದು? ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯ. ಕಪ್ಪತಗುಡ್ಡದ 244 ಚದರ ಕಿಲೋಮೀಟರ್ ಪ್ರದೇಶ 2019ರಿಂದ ವನ್ಯಜೀವಿಧಾಮ. ಕತ್ತೆಕಿರುಬ, ತೋಳ, ಚಿರತೆ ಇರುವ ಜಾಗ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಸುಮ್ನೆ ಒಳಗೆ ಹೋಗುವ ಹಾಗಿಲ್ಲ, ಬೆಂಕಿ ಹಚ್ಚುವುದಂತೂ ಅಪರಾಧ. ಇವರ ಹತ್ತಿರ ಪರವಾನಗಿ ಪತ್ರ ಇರಲಿಲ್ಲ. "ಎಲ್ಲಾರೂ ಹಂಗ ಹೋಗ್ತಾರ್ರಿ" ಅನ್ನುವುದೇ ಉತ್ತರ. ಮೇಲಾಗಿ ಬೆಳಿಗ್ಗೆ ಆ ಒಣ ಹುಲ್ಲಿನ ನಡುವೆ ಮೂರು ಕಲ್ಲಿಟ್ಟು ಚಹಾ ಕಾಸಿದ್ದರು. ನಾನೂ ಇನ್ನಿಬ್ಬರೂ ಬೇಡ ಅಂದರೂ ಕೇಳಲಿಲ್ಲ. ಬೇಸಿಗೆ ಬಂತೆಂದರೆ ಈ ಗುಡ್ಡಕ್ಕೆ ಬೆಂಕಿ ಬೀಳುವುದು ಗದಗಿನವರಿಗೆಲ್ಲ ಗೊತ್ತು. ಔಷಧಿ ಸಸ್ಯಗಳ ಗುಡ್ಡ ಅಂತ ಹೆಮ್ಮೆ ಪಡುತ್ತೇವೆ, ಅಲ್ವಾ?

ಆದ್ದರಿಂದ ದುಡ್ಡು ಹಾಕುವ ಮುಂಚೆ ಕೇಳಿ. ಕೊನೆಯವರ ಜೊತೆ ನಡೆಯುವ ನಿಮ್ಮ ಮನುಷ್ಯ ಯಾರು, ಅವರ ನಂಬರ್ ಏನು? ಎಲ್ಲೆಲ್ಲಿ ನಿಲ್ಲಿಸಿ ತಲೆ ಎಣಿಸುತ್ತೀರಿ? ಇದಕ್ಕೆ ನೇರ ಉತ್ತರ ಬರದಿದ್ದರೆ ಬೇರೆ ಏನು ಚೆನ್ನಾಗಿದ್ದರೂ ಹೋಗಬೇಡಿ. ಪರವಾನಗಿ ಪತ್ರದ ಫೋಟೋ ಕಳಿಸಲು ಹೇಳಿ. ಅನುಮಾನ ಬಂದರೆ ಗದಗದ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ನೀರು ಕೊಡುತ್ತೇವೆ ಅಂದರೂ ನಿಮ್ಮ ನೀರು ನಿಮ್ಮ ಬೆನ್ನ ಮೇಲಿರಲಿ, ಮಾರ್ಚ್‌ನಲ್ಲಿ ಮೂರು ಲೀಟರಿಗೆ ಕಡಿಮೆ ಬೇಡ. ಮನೆಯಲ್ಲಿ ಒಬ್ಬರಿಗೆ ಗುಡ್ಡ ಹತ್ತುವ ಊರು, ಇಳಿಯುವ ಊರು ಹೇಳಿಡಿ. ಅಪಾಯ ಆದರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಫ್ಯಾನುಗಳಿರುವ ಎತ್ತರದಲ್ಲಿ ನನಗೆ ಸಿಗ್ನಲ್ ಸಿಕ್ಕಿತ್ತು.

ಬಸ್ಸಿನಲ್ಲಿ "ಏನಾದರೂ ಆದರೆ ನಾವು ಜವಾಬ್ದಾರರಲ್ಲ" ಅನ್ನುವ ಫಾರಂಗೆ ಸಹಿ ಹಾಕಿಸಿಕೊಂಡಿದ್ದರು. ಸಹಿ ಹಾಕಿದ್ದೇವೆ ಅಂತ ಸುಮ್ಮನಿರಬೇಕಿಲ್ಲ. ದುಡ್ಡು ತಗೊಂಡು ಕೊಟ್ಟ ಸೇವೆಯಲ್ಲಿ ಲೋಪ ಆದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಗ್ರಾಹಕ ಸಹಾಯವಾಣಿ 1915. ಅಕ್ಕೋರು ಈಗ ಆರಾಮಾಗಿದ್ದಾರೆ. ದೂರಿನ ಕಾಗದ ಅವರೇ ಬರೆದಿದ್ದಾರೆ, ನಾನು ಸಾಕ್ಷಿ. ಅವತ್ತು ಆ ಬಸ್ಸಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಚಹಾ ಒಲೆಯ ಫೋಟೋ ನಿಮ್ಮ ಮೊಬೈಲಿನಲ್ಲಿದ್ದರೆ ದಯವಿಟ್ಟು ಕಳಿಸಿ. ಅರಣ್ಯ ಇಲಾಖೆಗೆ ಕೊಡುವ ಅರ್ಜಿ ಜೊತೆ ಅದನ್ನು ಹಚ್ಚಬೇಕಾಗಿದೆ.