ಮಿಂಟ್ ಎಕ್ಸ್‌ಎಫ್‌ಸಿಇ: ಮೂರು ವರ್ಷದ ಬಳಕೆ, ನಡುವೆ ಬಂದು ಹೋದ ಕೆಡಿಇ

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ ಪ್ರಿಂಟ್, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ, ರೈಸ್‌ಮಿಲ್‌ಗಳ ಬಿಲ್‌ಬುಕ್. ನಾಲ್ಕು ಜಿಬಿ ರ‍್ಯಾಮ್ ಇರುವ ಹಳೇ ಐ3 ಕಂಪ್ಯೂಟರಿಗೆ 2022ರ ಕೊನೆಗೆ ಲಿನಕ್ಸ್ ಮಿಂಟ್ 21 (ವಿಂಡೋಸ್ ಥರದ್ದೇ ಒಂದು ಉಚಿತ ಕಾರ್ಯವ್ಯವಸ್ಥೆ) ಹಾಕಿದೆ, ಅದರಲ್ಲೂ ಹಗುರವಾದ ಡೆಸ್ಕ್‌ಟಾಪ್, ಅಂದರೆ ಪರದೆ ಮೇಲಿನ ಮೆನು, ಕಿಟಕಿಗಳ ವ್ಯವಸ್ಥೆ ಇರುವ ಎಕ್ಸ್‌ಎಫ್‌ಸಿಇ ಆವೃತ್ತಿ. ಮೂರು ವರ್ಷದಲ್ಲಿ ಅದು ಒಮ್ಮೆಯೂ ಕೈಕೊಟ್ಟಿಲ್ಲ. ಒಮ್ಮೆ ಕೆಟ್ಟಿದ್ದು ನಮ್ಮ ಕೈಯಾರೆ.

ಕರೆಂಟ್ ಹೋಗಿ ಬಂದರೆ ಗಿರಾಕಿ ಚಿಲ್ಲರೆ ಎಣಿಸುವಷ್ಟರಲ್ಲಿ ಕಂಪ್ಯೂಟರ್ ಎದ್ದಿರುತ್ತದೆ. ಕನ್ನಡ ಟೈಪ್ ಮಾಡುವ ಕಗಪ ಕೀಲಿಮಣೆ ಒಳಗೇ ಇದೆ. ನುಡಿ ತಂತ್ರಾಂಶದಲ್ಲಿ ಮಾಡಿದ ಹಳೇ ಫೈಲುಗಳಿಗೆ ಮಾತ್ರ ಪಕ್ಕದ ವಿಂಡೋಸ್ ಕಂಪ್ಯೂಟರೇ ಗತಿ. ನೋಡೋಕೆ ಚಂದ ಇಲ್ಲ, ಒಪ್ಪುತ್ತೇನೆ. ರಜೆಗೆ ಬಂದ ಅಳಿಯ ಅದನ್ನೇ ಹಿಡಿದುಕೊಂಡ: "ಮಾಮಾ, ಇದೇನು ಹಳೇ ಬ್ಯಾಂಕಿನ ಕಂಪ್ಯೂಟರ್ ಇದ್ದಂಗೈತಿ." ಆಯ್ತಪ್ಪಾ ಅಂದೆ. ಕೆಡಿಇ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ತರುವ ಕುಬುಂಟು ಡೆಸ್ಕ್‌ಟಾಪ್ ಪ್ಯಾಕೇಜ್ ಹಾಕಿಯೇಬಿಟ್ಟ. ಮಿಂಟ್‌ನವರು 18.3ರ ನಂತರ ಕೆಡಿಇ ಆವೃತ್ತಿಯನ್ನೇ ನಿಲ್ಲಿಸಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಪ್ಲಾಸ್ಮಾ (ಕೆಡಿಇ ಡೆಸ್ಕ್‌ಟಾಪಿನ ಹೆಸರು) ಚಂದ ಇತ್ತು, ಸುಳ್ಳು ಹೇಳಬಾರದು. ಆದರೆ ಎಲ್ಲವೂ ಎರಡೆರಡಾಯಿತು. ಎಕ್ಸ್‌ಎಫ್‌ಸಿಇಗೆ ಲಾಗಿನ್ ಆದರೂ ಪಿಡಿಎಫ್ ಒತ್ತಿದರೆ ಕೆಡಿಇಯ ಓಕ್ಯುಲರ್, ಫೋಲ್ಡರ್ ಒತ್ತಿದರೆ ಕೆಡಿಇಯ ಡಾಲ್ಫಿನ್ ತೆರೆಯುತ್ತದೆ. ಪ್ಲಾಸ್ಮಾಕ್ಕೆ ಹೋದರೆ ಕೀಲಿಮಣೆ ಮತ್ತೆ ಹೊಸದಾಗಿ ಹೊಂದಿಸಬೇಕು, ಬ್ರೌಸರ್ ತೆರೆದರೆ ಪಾಸ್‌ವರ್ಡ್‌ಗಳನ್ನು ಕಾಪಿಡುವ ಕೆವಾಲೆಟ್ ತನ್ನದೇ ಪಾಸ್‌ವರ್ಡ್ ಕೇಳುತ್ತದೆ. ಅರ್ಜಿಗೆ ಕೊನೇ ದಿನ ಅಂತ ಜನ ಸಾಲಾಗಿ ನಿಂತಾಗ ಇದೆಲ್ಲ ಬೇಕಾ? ತೆಗೆಯೋಣ ಅಂತ ಕೂತೆ.

ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್ ಆದ ಆಪ್ಟ್‌ಗೆ ಕುಬುಂಟು ಡೆಸ್ಕ್‌ಟಾಪ್ ತೆಗಿ ಅಂದೆ. ಕ್ಷಣದಲ್ಲಿ ಮುಗೀತು. ಮೆನು ನೋಡಿದರೆ ಎಲ್ಲ ಹಾಗೇ ಇದೆ! ಆ ಪ್ಯಾಕೇಜ್ ಬರೀ ಕಿರಾಣಿ ಚೀಟಿ ಇದ್ದ ಹಾಗೆ, ಒಳಗೆ ಸಾಮಾನಿಲ್ಲ. ಸಾಮಾನು ಮನೆಗೆ ಬಂದ ಮೇಲೆ ಚೀಟಿ ಹರಿದರೆ ಏನು ಬಂತು? ಯಾವ ಪ್ಯಾಕೇಜಿಗೂ ಬೇಡವಾದವನ್ನು ತೆಗೆಯುವ ಆಟೋರಿಮೂವ್ ಕೊಟ್ಟಾಗ ಒಂದಷ್ಟು ಹೋದವು. ಬೇರೆ ಯಾವುದಾದರೂ ಪ್ಯಾಕೇಜ್ 'ಇದೂ ಇದ್ದರೆ ಒಳ್ಳೇದು' ಅಂತ ಶಿಫಾರಸು ಮಾಡಿದ್ದರೂ ಸಾಕು, ಆಪ್ಟ್ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಅರ್ಧ ಸಂಸಾರ ಉಳೀತು.

ಮುಂದಿನ ಹೆಜ್ಜೆ ನನ್ನ ತಪ್ಪು. ಎಲ್ಲೋ ಸಿಕ್ಕ ಉದ್ದನೆಯ ಕಮಾಂಡನ್ನು ಹಾಗೇ ಅಂಟಿಸಿದೆ. ಪುಣ್ಯಕ್ಕೆ, ತೆಗೆಯುವ ಮುಂಚೆ ಆಪ್ಟ್ ತೋರಿಸುವ ಪಟ್ಟಿಯನ್ನು ಓದಿದೆ. ಅದರಲ್ಲಿ ಪ್ರಿಂಟರ್ ನಡೆಸುವ ಕಪ್ಸ್ ಕೂಡ ಇತ್ತು! ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟರ್ ಹೋದರೆ ಶಟರ್ ಎಳೆದ ಹಾಗೇ ಅಲ್ವಾ. 'ಎನ್' ಒತ್ತಿದೆ.

ದಾರಿ ಸಿಕ್ಕಿದ್ದು ಆಪ್ಟ್‌ನ ದಿನಚರಿಯಲ್ಲಿ. ವಾರ್ ಫೋಲ್ಡರಿನ ಲಾಗ್ ಒಳಗೆ ಆಪ್ಟ್ ಅಂತೊಂದು ಫೋಲ್ಡರ್, ಅದರಲ್ಲಿ ಹಿಸ್ಟರಿ ಲಾಗ್. ಅಳಿಯ ಕೂತ ಆ ದಿನ ಹೊಸದಾಗಿ ಬಂದ ಪ್ಯಾಕೇಜುಗಳ ಹೆಸರು ಒಂದೂ ಬಿಡದೆ ಅಲ್ಲಿದ್ದವು. ಮೊದಲೇ ಇದ್ದವು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಅಂದು ಹೊಸದಾಗಿ ಬಂದವನ್ನಷ್ಟೇ ಪರ್ಜ್ ಮಾಡಿದೆ, ಅಂದರೆ ಸಿಸ್ಟಂ ಸೆಟ್ಟಿಂಗ್ ಸಮೇತ ತೆಗೆದೆ. ಸುಮಾರು ಒಂದೂವರೆ ಜಿಬಿ ಜಾಗ ವಾಪಸ್ ಬಂತು.

ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ. ಎದೆ ಧಸಕ್ ಅಂತು. ಹಾಕುವಾಗ ಲಾಗಿನ್ ಪರದೆ ತೋರಿಸೋಕೆ ಮಿಂಟ್‌ನ ಲೈಟ್‌ಡಿಎಂ ಬೇಕೋ ಕುಬುಂಟುವಿನ ಎಸ್‌ಡಿಡಿಎಂ ಬೇಕೋ ಅಂತ ಕೇಳಿತ್ತು, ಅಳಿಯ ಎರಡನೆಯದು ಒತ್ತಿದ್ದ. ಈಗ ಅದೂ ಪಟ್ಟಿಯ ಜೊತೆಗೇ ಹೋಗಿತ್ತು. ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿ, ಬರೀ ಅಕ್ಷರದ ಪರದೆಯಲ್ಲಿ ಲಾಗಿನ್ ಆಗಿ, ಪ್ಯಾಕೇಜನ್ನು ಮತ್ತೆ ಹೊಂದಿಸುವ ಡಿಪಿಕೆಜಿ ರೀಕಾನ್ಫಿಗರ್ ಕಮಾಂಡಿನಲ್ಲಿ ಲೈಟ್‌ಡಿಎಂ ಆರಿಸಿದ ಮೇಲೆ ಉಸಿರು ಬಂತು. ಇದನ್ನು ಎಸ್‌ಡಿಡಿಎಂ ತೆಗೆಯುವ ಮುಂಚೆಯೇ ಮಾಡಬೇಕಿತ್ತು. ಹೋಮ್ ಫೋಲ್ಡರಿನಲ್ಲಿ ಅಡಗಿದ್ದ ಕೆಡಿಇ ಸೆಟ್ಟಿಂಗ್ ಫೈಲುಗಳನ್ನು ಪರ್ಜ್ ಮುಟ್ಟುವುದಿಲ್ಲ, ಕೈಯಿಂದಲೇ ಅಳಿಸಿದೆ.

ಮಿಂಟ್‌ನಲ್ಲೇ ಬರುವ ಟೈಮ್‌ಶಿಫ್ಟ್‌ನಲ್ಲಿ ಮೊದಲೇ ಒಂದು ಸ್ನ್ಯಾಪ್‌ಶಾಟ್ (ಕೆಟ್ಟರೆ ವಾಪಸ್ ಹೋಗೋಕೆ ಸಿಸ್ಟಮ್ಮಿನ ನಕಲು) ತೆಗೆದಿದ್ದರೆ ಇಷ್ಟು ಒದ್ದಾಟ ಇರಲಿಲ್ಲ. ಈಗ ವಾರಕ್ಕೊಮ್ಮೆ ತಾನೇ ತೆಗೆಯುವ ಹಾಗೆ ಇಟ್ಟಿದ್ದೇನೆ. ಹೋಮ್ ಫೋಲ್ಡರನ್ನು ಅದು ತಾನಾಗಿ ಸೇರಿಸುವುದಿಲ್ಲ. ಲಗ್ನಪತ್ರಿಕೆ ಫೈಲುಗಳಿಗೆ ಬೇರೆ ಹಾರ್ಡ್‌ಡಿಸ್ಕ್ ಇದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮಿಂಟ್ 21ಕ್ಕೆ 2027ರವರೆಗೆ ಅಪ್‌ಡೇಟ್ ಇದೆ, ಅಲ್ಲಿತನಕ ಈ ಕಂಪ್ಯೂಟರ್ ಬದಲಿಸುವ ಯೋಚನೆ ಇಲ್ಲ. ಅಳಿಯನಿಗೆ ಒಂದು ಪೆನ್‌ಡ್ರೈವ್‌ನಲ್ಲಿ ಕುಬುಂಟು ಲೈವ್ ಮಾಡಿಕೊಟ್ಟಿದ್ದೇನೆ. ಅಂಗಡಿ ಮುಚ್ಚಿದ ಮೇಲೆ ಅದರಿಂದಲೇ ಬೂಟ್ ಮಾಡಿ ಎಷ್ಟು ಬೇಕಾದರೂ ಆಡಲಿ.