‘ಅಂತಾರಾಷ್ಟ್ರೀಯ ಒಪ್ಪಂದಗಳು’ ಕೆಎಎಸ್ ನೋಟ್ಸ್: ಬೇರುಬಾರಿ ಭಾಗಕ್ಕಾಗಿ ಕೊಳ್ಳಬಹುದು, 6ನೇ ಪುಟ ಹೊಡೆದುಹಾಕಿ

ಮೈಸೂರಿನ ಮಾನಸಗಂಗೋತ್ರಿ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಹಾಕಿ ಮಾರುತ್ತಿರುವ 48 ಪುಟದ ಕನ್ನಡ ನೋಟ್ಸ್. ಬೆಲೆ 90 ರೂಪಾಯಿ. ಪರದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದರಲ್ಲಿ ಸಂಪುಟ, ಸಂಸತ್ತು, ಕೋರ್ಟು ಯಾರ ಪಾಲು ಎಷ್ಟು ಎಂಬುದು ವಿಷಯ.

6ನೇ ಪುಟದಲ್ಲಿ ‘ಪ್ರತಿ ಒಪ್ಪಂದಕ್ಕೂ ಸಂಸತ್ತಿನ ಅನುಮೋದನೆ ಕಡ್ಡಾಯ’ ಎಂದು ದಪ್ಪಕ್ಷರದಲ್ಲಿದೆ. ತಪ್ಪು. ಅದು ಅಮೆರಿಕದ ಲೆಕ್ಕ ಕಲಸಿಕೊಂಡಿರುವುದು: ಅಲ್ಲಿ ಹಾಜರಿರುವ ಸೆನೆಟರುಗಳಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಅಷ್ಟು ಮತ ಬೀಳದೆ, ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಶಾಂತಿ ಒಪ್ಪಂದವೇ 1920ರಲ್ಲಿ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ನಮ್ಮಲ್ಲಿ ಸಹಿಯೂ ಅನುಮೋದನೆಯೂ ಕಾರ್ಯಾಂಗದ್ದೇ; ಸಂವಿಧಾನದ ವಿಧಿ 73 (ಕೇಂದ್ರದ ಕಾರ್ಯಾಂಗದ ಅಧಿಕಾರ) ಮತ್ತು ಕೇಂದ್ರ ಪಟ್ಟಿಯ 14ನೇ ನಮೂದನ್ನು (ಪರದೇಶಗಳ ಜೊತೆ ಒಪ್ಪಂದ) ಜೊತೆಗಿಟ್ಟು ಓದಬೇಕು. ದೇಶದೊಳಗಿನ ಕಾನೂನು ಬದಲಾಗಬೇಕಾದರೆ ಆಗ ಸಂಸತ್ತು ಬೇಕು.

ಅದಕ್ಕಿರುವುದು ವಿಧಿ 253. ರಾಜ್ಯ ಪಟ್ಟಿಯ ವಿಷಯವಾದರೂ ಒಪ್ಪಂದ ಜಾರಿಗೆ ಸಂಸತ್ತು ಕಾನೂನು ಮಾಡಬಹುದು. ಇಷ್ಟು ದೊಡ್ಡ ಮಾತಿಗೆ ನೋಟ್ಸ್ ಕೊಟ್ಟಿರುವುದು ಒಂದೂವರೆ ಸಾಲು! ಮಂಡ್ಯದ ಹುಡುಗರಿಗೆ ಕಬ್ಬಿನ ಉದಾಹರಣೆ ಸಾಕಿತ್ತು: ಕೃಷಿ ರಾಜ್ಯದ್ದು, ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಒಪ್ಪಂದಕ್ಕೆ ಸಹಿ ಕೇಂದ್ರದ್ದು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಕೊಟ್ಟ ದೂರಿನ ಮೇಲೆ, ಭಾರತ ಕಬ್ಬಿಗೆ ಕೊಡುವ ಬೆಂಬಲ ಶೇ 10ರ ಮಿತಿ ದಾಟಿದೆ ಎಂದು ಡಬ್ಲ್ಯುಟಿಒ ಸಮಿತಿ 2021ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು.

ದುಡ್ಡಿಗೆ ಮೋಸವಿಲ್ಲದ್ದು ನೆಲ ಬಿಟ್ಟುಕೊಡುವ ಅಧ್ಯಾಯ. ಬೇರುಬಾರಿ (1960), ಅಂದರೆ ಪಶ್ಚಿಮ ಬಂಗಾಳದ ಬೇರುಬಾರಿಯ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಡುವ ಪ್ರಶ್ನೆ: ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿಯೇ ಆಗಬೇಕು ಎಂದಿತು ಸುಪ್ರೀಂ ಕೋರ್ಟ್; ಹಾಗಾಗಿ 9ನೇ ತಿದ್ದುಪಡಿ. ಗುಜರಾತಿನ ಕಛ್‌ನಲ್ಲಿ ಪಾಕಿಸ್ತಾನದ ಜೊತೆಗಿನ ಗಡಿಯ ಪ್ರಕರಣ (1969): ತಕರಾರಿನ ಗಡಿ ಗುರುತಿಸುವುದಷ್ಟೇ ಆದರೆ ತಿದ್ದುಪಡಿ ಬೇಡ. ಬಾಂಗ್ಲಾದೇಶದ ಜೊತೆ ಗಡಿಯ ನೆಲದ ವಿನಿಮಯಕ್ಕೆ 2015ರಲ್ಲಿ 100ನೇ ತಿದ್ದುಪಡಿ. ಮೂರನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದ್ದಾರೆ, ಅಚ್ಚುಕಟ್ಟು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ದೇಶದಲ್ಲಿ ಕಾನೂನಿಲ್ಲದಾಗ ಕೋರ್ಟು ಅಂತಾರಾಷ್ಟ್ರೀಯ ಒಪ್ಪಂದದ ಆಧಾರದ ಮೇಲೆ ಮಾರ್ಗಸೂಚಿ ಕೊಟ್ಟ ವಿಶಾಖಾ (1997) ತೀರ್ಪಿನ ಬಗ್ಗೆ ಇರುವ ಅರ್ಧ ಪುಟವೂ ಸರಿಯಾಗಿದೆ.

ಕೊನೆಯ ಪಟ್ಟಿಯಲ್ಲಿ ಕಾವೇರಿಯ 1892, 1924ರ ಒಪ್ಪಂದಗಳನ್ನೂ ಸೇರಿಸಿರುವುದು ಎಡವಟ್ಟು. ಅವು ಮೈಸೂರು ಮತ್ತು ಮದ್ರಾಸ್ ನಡುವಿನವು. ಇವತ್ತಿನ ಅಂತರರಾಜ್ಯ ನೀರಿನ ಜಗಳಕ್ಕೆ ಇರುವುದು ವಿಧಿ 262; ವಿಧಿ 253 ಅಲ್ಲ.

ಕೊಳ್ಳುವ ಮೊದಲು ಎಡಗಡೆಯ ಪುಟಗಳನ್ನು ತಿರುವಿ ನೋಡಿ. ಅಂಚು ಬಿಡದೆ ತೂತು ಹೊಡೆದಿರುವ ಪ್ರತಿಗಳಲ್ಲಿ ಸಾಲಿನ ಕೊನೆಯ ಅಂಕಿ ಹಾರಿ 253 ಎಂಬುದು 25 ಆಗಿದೆ. ವಿಧಿ 25 ಧಾರ್ಮಿಕ ಸ್ವಾತಂತ್ರ್ಯದ್ದು!