ಕೇಪಿನ ಕೋವಿಯೋ ತೋಟಾ ಕೋವಿಯೋ: ಎರಡನ್ನೂ ಹಿಡಿದು ನೋಡಿದ ಮೇಲೆ

ಅಡಿಕೆ ತೋಟಕ್ಕೆ ಮಂಗ, ಹಂದಿ ಕಾಟ ಜಾಸ್ತಿ ಆಯ್ತು, ಕೋವಿ ತಗೊಳ್ಳೋಣ ಅಂತಿದ್ದೇವೆ, ಯಾವುದು ಒಳ್ಳೆಯದು ಅಂತ ನಮ್ಮ ತೀರ್ಥಹಳ್ಳಿ ಕಡೆಯ ಹುಡುಗರು ಆಗಾಗ ಕೇಳುತ್ತಾರೆ. ನನ್ನ ಲೈಸೆನ್ಸಿನಲ್ಲಿ ಎರಡೂ ಇವೆ. ಒಂದು ಅಪ್ಪಯ್ಯನಿಂದ ಬಂದ ಒಂಟಿ ನಳಿಗೆಯ ಕೇಪಿನ ಕೋವಿ, ಅಂದರೆ ಬಾಯಿಯಿಂದ ಮದ್ದು ತುಂಬಿ, ಹಿಂದೆ ಕೇಪು ಅನ್ನುವ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ ಇಟ್ಟು ಹೊಡೆಯುವಂಥದ್ದು. ಇನ್ನೊಂದು ನಾನೇ ಕೊಂಡ 12 ಬೋರಿನ (ಬೋರು ಅಂದರೆ ನಳಿಗೆಯ ಅಗಲದ ಅಳತೆ) ತೋಟಾ ಕೋವಿ, ಸಿದ್ಧ ತೋಟಾ (ಕಾರ್ಟ್ರಿಜ್) ಹಿಂದಿನಿಂದ ಹಾಕುವಂಥದ್ದು, ಅದೂ ಒಂಟಿ ನಳಿಗೆಯದು.

ಹೊಸಬರಿಗೆ ತೋಟಾ ಕೋವಿಯೇ ಸರಿ ಅಂತ ನನ್ನ ಅಭಿಪ್ರಾಯ. ಮಡಚಿದರೆ ಸಾಕು, ಈಡು (ತುಂಬಿದ ಮದ್ದುಗುಂಡು) ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿಯಲ್ಲಿ ಬಾಯಿಯಿಂದ ತುಂಬಿದ್ದು ನಳಿಗೆಯ ತಳದಲ್ಲಿ ಕೂತಿರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಒಂದು ಆಷಾಢದಲ್ಲಿ. ಅಪ್ಪಯ್ಯನ ಜೊತೆ ತೋಟಕ್ಕೆ ಹೋಗಿ ಕಲಿಯುತ್ತಿದ್ದ ಕಾಲ. ಮಳೆಯಲ್ಲಿ ಕೇಪು ಟಕ್ ಅಂದಿತು, ಈಡು ಹಾರಲಿಲ್ಲ. ಮನೆಗೆ ತಂದು ಮೂಲೆಗೆ ಒರಗಿಸಿದೆ, ಮರೆತೂ ಬಿಟ್ಟೆ. ಎರಡು ದಿನ ಬಿಟ್ಟು ಖಾಲಿ ಇದೆ ಅಂದುಕೊಂಡು ಮತ್ತೆ ಮಸಿ (ಕೋವಿಯ ಕರಿ ಮದ್ದು) ಸುರಿಯಲು ಹೊರಟಿದ್ದೆ. "ತಡಿ ಮಾರಾಯ, ಮೊದಲು ಗಜ ಹಾಕಿ ನೋಡು" ಅಂದರು ಅಪ್ಪಯ್ಯ. ಗಜ, ಅಂದರೆ ಮದ್ದು ಜಡಿಯುವ ಸರಳು, ತಳ ಮುಟ್ಟದೆ ನಾಲ್ಕು ಬೆರಳು ಮೇಲೆಯೇ ನಿಂತಿತು. ಒಂದರ ಮೇಲೊಂದು ಈಡು ಕೂತಿದ್ದರೆ ನಳಿಗೆ ನನ್ನ ಮುಖದ ಹತ್ತಿರವೇ ಸೀಳಿ ಹೋಗುತ್ತಿತ್ತು. ಅದನ್ನು ಖಾಲಿ ಮಾಡಿದ ಮೇಲೆ ಅವರು ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಒಂದು ಗೀರು ಹಾಕಿಕೊಟ್ಟರು. ಗೀರು ಬಾಯಿಗಿಂತ ಮೇಲೆ ನಿಂತರೆ ಒಳಗೆ ಈಡಿದೆ ಅಂತ ಅರ್ಥ. ಇವತ್ತಿಗೂ ಆ ಗೀರು ನೋಡದೆ ನಾನು ತುಂಬುವುದಿಲ್ಲ.

ಕೇಪಿನ ಕೋವಿಯೇ ಬೇಕು ಅನ್ನುವವರು ಇನ್ನೂ ಕೆಲವು ಗಮನಿಸಿ. ಮಸಿಯನ್ನು ಡಬ್ಬಿಯಿಂದ ನೇರ ಸುರಿಯಬೇಡಿ, ನಳಿಗೆಯಲ್ಲಿ ಒಂದು ಕಿಡಿ ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ, ಅದಕ್ಕೇ ಅಳತೆಯ ಕೊಳವೆಗೆ ಹಾಕಿಕೊಂಡು ಸುರಿಯುವುದು. ಕೇಪು ಕೊನೆಗೆ, ಗುರಿ ಹಿಡಿಯುವ ಹೊತ್ತಿಗೆ. ತೋಟಾ ಕೊಯ್ದು ಅದರ ಪುಡಿಯನ್ನು ಇದಕ್ಕೆ ತುಂಬುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ, ಆ ಹೊಗೆಯಿಲ್ಲದ ಮದ್ದಿನ ಒತ್ತಡ ಈ ನಳಿಗೆ ತಡೆಯುವುದಿಲ್ಲ. ಈಡು ಹಾರದಿದ್ದರೆ ಒಂದು ನಿಮಿಷವಾದರೂ ಬಾಯಿಯನ್ನು ಯಾರೂ ಇಲ್ಲದ ಕಡೆ ಹಿಡಿದು ನಿಲ್ಲಿ, ತಡವಾಗಿ ಹಾರುವುದೂ ಉಂಟು. ಕೇಪಿನ ಚೂರು ಕಣ್ಣಿಗೆ ಸಿಡಿಯುತ್ತದೆ, ಕನ್ನಡಕ ಇರಲಿ.

ತೋಟಾ ಕೋವಿಯಲ್ಲಿ ಅಪಾಯ ಇಲ್ಲ ಅಂತಲ್ಲ. 20 ಬೋರಿನ ತೋಟಾ 12ರದ್ದಕ್ಕಿಂತ ಸಣ್ಣದು, 12 ಬೋರಿನ ಕೋವಿಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಅದು ಗೊತ್ತಾಗದೆ ಹಿಂದಿನಿಂದ 12ರ ತೋಟಾ ಹಾಕಿ ಹೊಡೆದರೆ ಮುಗಿಯಿತು. ಆದ್ದರಿಂದ ಮನೆಯಲ್ಲಿ ಒಂದೇ ಬೋರಿನ ತೋಟಾ ಇಡಿ. ಒದೆತವೂ ಜೋರು. ಕೇಪಿನ ಕೋವಿ ಭುಜವನ್ನು ನೂಕುತ್ತದೆ, ಇದು ಗುದ್ದುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹಳೆಯದೇ ನನಗೆ ಇಷ್ಟ. ಚರೆ (ಸಣ್ಣ ಗುಂಡು) ಹಾಕದೆ ಬರೀ ಮಸಿ, ತೆಂಗಿನ ನಾರು ತುಂಬಿ ಹೊಡೆದರೆ ಸದ್ದು ಚೆನ್ನಾಗಿ ಬರುತ್ತದೆ. ಮಂಗ ಓಡಿಸಲು ಅಷ್ಟೇ ಸಾಕು, ಅಲ್ವಾ? ಪಕ್ಕದ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವರಿದ್ದರೂ ಚರೆ ತಗಲುವ ಭಯ ಇಲ್ಲ. ಬೇಸಿಗೆಯಲ್ಲಿ ಮಾತ್ರ ಎಚ್ಚರ, ಹೊಗೆಯಾಡುವ ನಾರು ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ದರಗಿಗೆ, ಅಂದರೆ ಒಣ ಎಲೆಗೆ, ಬಿದ್ದರೆ ಬೆಂಕಿ ಹತ್ತುತ್ತದೆ.

ಲೈಸೆನ್ಸಿನ ಲೆಕ್ಕದಲ್ಲೂ ಕೇಪಿನ ಕೋವಿಗೆ ಜಾಗ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಅಂತಲೇ ಬಾಯಿಯಿಂದ ತುಂಬುವ ಕೋವಿಯನ್ನು ಹೇಳುತ್ತದೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ತೋಟಾ ಕೋವಿಗೂ ಕೊಡಬಹುದು. ಅರ್ಜಿಯಲ್ಲಿ ಕಾರಣ ಸರಿಯಾಗಿ ಬರೆಯಿರಿ. 2019ರ ತಿದ್ದುಪಡಿಯಿಂದೀಚೆ ಒಬ್ಬರಿಗೆ ಎರಡೇ ಕೋವಿ, ಅದೂ ನೆನಪಿರಲಿ.

ತೊಳೆಯುವ ಕೆಲಸದಲ್ಲಿ ತೋಟಾ ಕೋವಿಗೆ ಎಣ್ಣೆ ಬಟ್ಟೆ ಎಳೆದರೆ ಆಯ್ತು. ಮಸಿಯ ಕಿಟ್ಟ ನೀರು ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು. ಹೊಡೆದ ದಿನವೇ ಸೋಪು ಹಾಕಿದ ಬಿಸಿನೀರಿನಲ್ಲಿ ತೊಳೆದು, ಒಲೆಯ ಪಕ್ಕ ಅಲ್ಲ, ಬಟ್ಟೆಯಲ್ಲೇ ಒರೆಸಿ ಒಣಗಿಸಿ, ಎಣ್ಣೆ ಹಚ್ಚಬೇಕು. ಚುನಾವಣೆ ಬಂದಾಗ ಠಾಣೆಗೆ ಕೊಡುವ ಮುಂಚೆಯೂ ಹೀಗೇ ಮಾಡಿ. ನನ್ನದು ಒಮ್ಮೆ ತಿಂಗಳುಗಟ್ಟಲೆ ಅಲ್ಲಿದ್ದು ಬಂದಾಗ ಕೇಪು ಕೂರುವ ತೂತೇ ಮುಚ್ಚಿಹೋಗಿತ್ತು, ಸೂಜಿ ಹಾಕಿ ಬಿಡಿಸಲು ಒಂದು ಮಧ್ಯಾಹ್ನ ಹಿಡಿಯಿತು.